ಕೊಲ್ಲೂರಿನ ಬೀಗದ ಕೈ ಲಂಕೆಗೆ ಹೋದದ್ದು

ನೆಗೊಂಬೊ: ಕೌಂಟರಿನ ಹೊರಬದಿ

ಇಪ್ಪತ್ತಮೂರು ವರ್ಷ ನಾನು ಲಾಡ್ಜಿನ ಕೌಂಟರಿನ ಒಳಬದಿ ಕುಳಿತವಳು. ಹೊರಬದಿ ಬ್ಯಾಗು ಹಿಡಿದು ನಿಂತರೆ ಹೇಗಿರುತ್ತದೆ ಎಂದು ತಿಳಿಯಲು ಶ್ರೀಲಂಕಾದವರೆಗೆ ಹೋಗಬೇಕಾಯಿತು.

ನೆಗೊಂಬೊ ಎನ್ನುವುದು ಕೊಲಂಬೊದಿಂದ ಉತ್ತರಕ್ಕಿರುವ ಮೀನುಗಾರರ ಊರು. ವಿಮಾನ ನಿಲ್ದಾಣದಿಂದ ರಿಕ್ಷಾದಲ್ಲಿ ಹೋಗುವಷ್ಟೇ ದೂರ. ನಾವು ಇಳಿದುಕೊಂಡದ್ದು ಸಮುದ್ರದ ಬದಿಯ ಒಂದು ಹಳೆಯ ಮನೆಯಲ್ಲಿ. ಆರು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾರೆ. ಅದನ್ನು ನಡೆಸುವ ಕುಸುಮಾ ನನ್ನದೇ ವಯಸ್ಸಿನವಳು, ನಲವತ್ತೆಂಟೋ ಐವತ್ತೋ ಇರಬಹುದು. ಅವಳು ದಪ್ಪ ರಿಜಿಸ್ಟರ್ ತೆರೆದು ನನ್ನ ಮುಂದಿಟ್ಟು ಪೆನ್ನು ಕೊಟ್ಟಳು. ನಾನೇನು ಮಾಡಿದೆ ಎಂದರೆ, ಪುಸ್ತಕವನ್ನು ಗರಕ್ಕನೆ ಅವಳ ಕಡೆಗೇ ತಿರುಗಿಸಿ, ಪೆನ್ನನ್ನು ಅವಳಿಗೇ ಹಿಡಿದು, ಹೆಸರು ಬರೆಯಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದೆ. ಕೈ ತನ್ನ ಅಭ್ಯಾಸದಂತೆ ತಾನೇ ಮಾಡಿಬಿಟ್ಟಿತು. ಕುಸುಮಾ ಪುಸ್ತಕ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹ್ವಾಯ್," ಎಂದು ಹಿಂದಿನಿಂದ ನನ್ನ ಗಂಡ ಮೆಲ್ಲಗೆ ಹೇಳಿದರು, "ಬರೀಕಾದ್ದ್ ನಾವ್. ನಾವೀಗ ಗಿರಾಕಿ."

ಗಿರಿಜಾ ಎಂದು ಬರೆದೆ. ಊರು ಎಂಬಲ್ಲಿ ಪೆನ್ನು ನಿಂತಿತು. ಪಾಸ್‌ಪೋರ್ಟಿನ ಅರ್ಜಿ ತುಂಬುವಾಗಲೂ ಅದು ಅಲ್ಲೇ ನಿಂತಿತ್ತು. ಕೊಲ್ಲೂರು ಎಂದು ಬರೆಯುವುದೋ, ಇವರ ಊರು ಯಡ್ತರೆ ಎಂದು ಬರೆಯುವುದೋ? ಇವರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ ಎನ್ನುವ ಕಾರಣಕ್ಕೆ ಎರಡು ಸಲವೂ ಯಡ್ತರೆ ಎಂದೇ ಬರೆದೆ. ಆದರೆ ನನ್ನ ಪರ್ಸಿನ ಒಳಜೇಬಿನಲ್ಲಿ ಕೊಲ್ಲೂರಿನ ಒಂದು ಕೋಣೆಯ ಬೀಗದ ಕೈ ಇತ್ತು. ಅದರ ವಿಷಯ ಇವರಿಗೆ ನಾನು ಹೇಳಿರಲಿಲ್ಲ.

ಹಿಂದಿನ ವರ್ಷ: ಕೊಲ್ಲೂರಿನಿಂದ ಯಡ್ತರೆಗೆ

ಲಂಕೆಯ ಕಥೆ ಮುಂದುವರಿಸುವ ಮೊದಲು ಆ ವರ್ಷದ ಕಥೆ ಹೇಳಬೇಕು. ಇಲ್ಲದಿದ್ದರೆ ಒಂದು ಬೀಗದ ಕೈಗೆ ಇವಳು ಯಾಕೆ ಇಷ್ಟು ಗೋಳಾಡುತ್ತಾಳೆ ಎಂದು ನಿಮಗೆ ಅನ್ನಿಸೀತು.

ಕೊಲ್ಲೂರಿನಲ್ಲಿ ದೇವಸ್ಥಾನದಿಂದ ಕೂಗಳತೆಯಲ್ಲಿದ್ದ ಮೂವತ್ತು ಕೋಣೆಗಳ ಲಾಡ್ಜಿನಲ್ಲಿ ನಾನು ಮ್ಯಾನೇಜರ್. ಮ್ಯಾನೇಜರ್ ಎಂದರೆ ರಿಜಿಸ್ಟರ್ ಬರೆಯುವುದು, ಹಾಸಿಗೆ ಬಟ್ಟೆ ಎಣಿಸುವುದು, ಬೆಳಗ್ಗೆ ನಾಲ್ಕೂವರೆಗೆ ದರ್ಶನಕ್ಕೆ ಹೋಗುವವರ ಬಾಗಿಲು ಬಡಿದು ಎಬ್ಬಿಸುವುದು, ಬಿಸಿನೀರು ಬರಲಿಲ್ಲ ಎಂದವರ ಬೈಗುಳ ಕೇಳುವುದು, ಎಲ್ಲವೂ. ಶಿವರಾತ್ರಿ ಕಳೆದ ವಾರ ಲಾಡ್ಜಿನ ಯಜಮಾನರು ಕರೆದು, ಕಟ್ಟಡ ಕೆಡವುತ್ತೇವೆ, ಜಾಗ ಬೇರೆಯವರ ಕೈಗೆ ಹೋಗಿದೆ ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ಅವರ ಕಣ್ಣೇ ತುಂಬಿತ್ತು. ಕೊನೆಯ ದಿನ ನಾನು ಮೂವತ್ತು ಬೀಗದ ಕೈಗಳನ್ನು ಹಲಗೆಯ ಮೊಳೆಗಳಿಂದ ತೆಗೆದು ಒಂದು ಚೀಲಕ್ಕೆ ಹಾಕಿ ಕೊಟ್ಟೆ. ಬರಿದಾದ ಆ ಹಲಗೆಯ ಧೂಳನ್ನೂ ಒರೆಸಿದೆ.

ಅದೇ ದಿನ ಜನರೇಟರ್ ಬಿಚ್ಚಿ ಒಯ್ಯಲು ಶೀನಣ್ಣ ಬಂದಿದ್ದರು. ಬೈಂದೂರಿನಲ್ಲಿ ದೋಣಿ ಇಂಜಿನ್ ರಿಪೇರಿಯ ಅಂಗಡಿ ಇಟ್ಟವರು, ಮನೆ ಹತ್ತಿರದ ಯಡ್ತರೆಯಲ್ಲಿ. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಹನ್ನೆರಡು ವರ್ಷ ನಮ್ಮ ಜನರೇಟರನ್ನು ನೋಡಿಕೊಂಡವರು. ಅಷ್ಟು ವರ್ಷದಲ್ಲಿ ನಾವು ಆಡಿದ್ದು ಡೀಸೆಲ್, ಫಿಲ್ಟರ್, ಚಾ ಕುಡೀತ್ರ್ಯಾ, ಇಷ್ಟೇ ಮಾತು. ಅವತ್ತು ಬೋಲ್ಟು ಬಿಚ್ಚುತ್ತಾ ತಲೆ ಎತ್ತದೆ ಕೇಳಿದರು:

"ಮೇಡಂ, ನೀವ್ ಇನ್ ಎಲ್ಲಿಗ್ ಹೋತ್ರಿ?"

"ಗೊತ್ತಿಲ್ಲೆ," ಅಂದೆ.

ಹದಿನೈದು ದಿನ ಬಿಟ್ಟು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಮೇ ತಿಂಗಳಲ್ಲಿ ಮದುವೆಯಾಯಿತು. ನನಗೆ ನಲವತ್ತೆಂಟು, ಅವರಿಗೆ ಐವತ್ತೈದು. ಫೋಟೋಗ್ರಾಫರ್ ನಮ್ಮಿಬ್ಬರನ್ನು ವಧುವಿನ ಕಡೆಯ ಹಿರಿಯರು ಎಂದುಕೊಂಡು, ಮದುಮಕ್ಕಳು ಎಲ್ಲಿ ಎಂದು ಕೇಳಿದ. ಇವತ್ತಿಗೂ ಅದನ್ನು ನೆನೆದು ನಗುತ್ತೇವೆ.

ಊರಿನವರಿಗೆ ಅವರು ಶೀನಣ್ಣ, ನನಗೆ "ಹ್ವಾಯ್". ಅವರಿಗೂ ನಾನು "ಹ್ವಾಯ್". ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಸೇರಿದಾಗ ಅಂಗಡಿಯಲ್ಲಿ ಇಂಜಿನ್‌ಗಳ ರಾಶಿ ಬೀಳುತ್ತದೆ. ಯಾವುದು ಯಾರದ್ದು ಎಂದು ಕೇಳಿದರೆ ಇವರು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಹೋಗಿ ಕುಳಿತೆ. ಪ್ರತಿ ಇಂಜಿನ್‌ಗೂ ಕೆಂಪು ದಾರದಲ್ಲಿ ನಂಬರಿನ ಬಿಲ್ಲೆ ಕಟ್ಟಿದೆ, ಗೋಡೆಗೆ ಹಲಗೆ ಹೊಡೆಸಿ ಮೊಳೆ ಹಾಕಿಸಿದೆ, ರಿಜಿಸ್ಟರ್ ತೆರೆದೆ. "ಹನ್ನೊಂದ್ ನಂಬ್ರ್ ಚೆಕ್‌ಔಟ್" ಎಂದು ನಾನು ಕೂಗಿದರೆ ಮೀನುಗಾರರಿಗೆ ಒಳ್ಳೆಯ ತಮಾಷೆ. ಕೈಯಲ್ಲಿದ್ದ ಕೆಲಸ ಕಳೆದುಹೋಯಿತು ಎಂದುಕೊಂಡಿದ್ದೆ. ಬರಿ ಜಾಗ ಬದಲಾಗಿತ್ತು, ಅಷ್ಟೆ.

ಇಷ್ಟೆಲ್ಲ ಆದರೂ ಕೊಲ್ಲೂರಿನಲ್ಲಿ ಪದ್ದಕ್ಕನ ಮನೆಯ ಹಿಂಬದಿಯ ಹಂಚಿನ ಕೋಣೆಯನ್ನು ನಾನು ಬಿಟ್ಟಿರಲಿಲ್ಲ. ಪದ್ದಕ್ಕ ಹೂ ಮಾರುವವರು. ಇಪ್ಪತ್ತೈದನೇ ವಯಸ್ಸಿನಿಂದ ನಾನಿದ್ದದ್ದು ಆ ಕೋಣೆಯಲ್ಲೇ. ಬಾಡಿಗೆ ಸದ್ದಿಲ್ಲದೆ ಕೊಡುತ್ತಾ ಬಂದೆ. ಯಾಕೆಂದರೆ ಲಾಡ್ಜಿನಲ್ಲಿ ಕುಳಿತವರು ನೋಡಬಾರದ್ದನ್ನೆಲ್ಲ ನೋಡಿರುತ್ತಾರೆ. ಜೋಡಿಯಾಗಿ ಬಂದು ಹೆಸರು ಬರೆಸಿ, ಮರುದಿನ ಬೇರೆ ಬೇರೆ ಬಸ್ಸು ಹತ್ತಿದವರನ್ನು ಎಷ್ಟು ನೋಡಿಲ್ಲ ನಾನು. ಈ ವಯಸ್ಸಿನಲ್ಲಿ ಕಟ್ಟಿಕೊಂಡ ಸಂಸಾರ ನಿಲ್ಲುತ್ತದೆ ಎಂಬ ಧೈರ್ಯ ನನಗೆ ಬಂದಿರಲಿಲ್ಲ. ಮುಚ್ಚುಮರೆ ಯಾಕೆ, ಅದೇ ಸತ್ಯ. ನಿಲ್ಲದಿದ್ದರೆ ಹೋಗಲು ಒಂದು ಬಾಗಿಲು ಇರಲಿ ಎಂದು ಆ ಬೀಗದ ಕೈಯನ್ನು ಪರ್ಸಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ.

ಪ್ರವಾಸದ ಆಸೆ ಇವರದ್ದು. ಇಪ್ಪತ್ತು ವರ್ಷದ ಹಿಂದೆ ಮಸ್ಕತ್ತಿಗೆ ಕೆಲಸಕ್ಕೆ ಹೋಗಲೆಂದು ಪಾಸ್‌ಪೋರ್ಟ್ ಮಾಡಿಸಿ, ಹೋಗದೆ, ಅದು ಪೆಟ್ಟಿಗೆಯಲ್ಲೇ ಹಳತಾಗಿತ್ತು. "ಒಂದ್ ಸಲ ಆರೂ ಅದ್ಕೆ ಸೀಲ್ ಬೀಳ್ಕಲೆ," ಅಂದರು. ಹೊಸದು ಮಾಡಿಸಿದೆವು, ಹೊರಟೆವು.

ನೆಗೊಂಬೊ, ಎರಡನೇ ದಿನ: ಹಾಸಿಗೆ ಬಟ್ಟೆ ಮತ್ತು ಒಣಮೀನು

ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಅದು ನನ್ನ ರೂಢಿ. ಸ್ವಲ್ಪ ಹೊತ್ತು ಸುಮ್ಮನೆ ಬಿದ್ದುಕೊಂಡಿದ್ದೆ, ಆಗಲಿಲ್ಲ. ಇವರು ಸಮುದ್ರ ನೋಡಲು ಎದ್ದು ಹೋದದ್ದೇ ತಡ, ಹಾಸಿಗೆಯ ಬಟ್ಟೆ ಎಳೆದು ಮಡಚಿದೆ, ದಿಂಬಿನ ಕವಚ ಕಳಚಿದೆ, ಬಾಗಿಲ ಹಿಂದೆ ಸಿಕ್ಕಿದ ಪೊರಕೆಯಿಂದ ಕೋಣೆ ಗುಡಿಸಿ, ಎಲ್ಲವನ್ನೂ ಗಂಟು ಕಟ್ಟಿ ಬಾಗಿಲ ಹೊರಗೆ ಇಟ್ಟೆ. ಮನಸ್ಸಿಗೆ ಹಾಯೆನಿಸಿತು.

ಕುಸುಮಾ ಬಂದು ಆ ಗಂಟು ನೋಡಿದಳು. ಅವಳ ಮುಖ ಸಪ್ಪಗಾಯಿತು. ಹೋಗಿ ಹೊಸ ಬಟ್ಟೆ ತಂದು ಹಾಸಿದಳು, ನೆಲ ಒರೆಸಿದಳು, ಮತ್ತೆ ಬಂದು ಇನ್ನೊಮ್ಮೆ ಒರೆಸಿದಳು. ಕೋಣೆ ಕೊಳಕಾಗಿದೆ ಎಂದು ನಾನು ಸಿಟ್ಟಿನಿಂದ ಹೀಗೆ ಮಾಡಿದ್ದೇನೆ ಎಂದುಕೊಂಡಿದ್ದಾಳೆ ಎಂದು ನನಗೆ ಹೊಳೆಯಲು ಅರ್ಧ ಗಂಟೆ ಬೇಕಾಯಿತು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದಷ್ಟೂ ಅವಳು ಕ್ಷಮೆ ಕೇಳುತ್ತಲೇ ಇದ್ದಳು. ಕೊನೆಗೆ ಮೊಬೈಲಿನಲ್ಲಿದ್ದ ಹಳೆಯ ಫೋಟೋ ತೆಗೆದು ತೋರಿಸಿದೆ. ಕೊಲ್ಲೂರಿನ ಕೌಂಟರ್, ನಾನು, ನನ್ನ ಹಿಂದೆ ಮೂವತ್ತು ಬೀಗದ ಕೈಗಳ ಹಲಗೆ. ಕುಸುಮಾ ಫೋಟೋ ದೊಡ್ಡದು ಮಾಡಿ ನೋಡಿದಳು. ಆಮೇಲೆ ಗೋಡೆಗೆ ಒರಗಿ, ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

ಅವತ್ತಿನಿಂದ ನಾನು ಅವಳಿಗೆ ಅಕ್ಕ. ಅಲ್ಲಿಯೂ ಅಕ್ಕನಿಗೆ ಅಕ್ಕ ಎಂದೇ ಹೇಳುತ್ತಾರೆ. ಹಿತ್ತಲಿನ ತಂತಿಯಿಂದ ಒಣಗಿದ ದೊಡ್ಡ ಬಟ್ಟೆಗಳನ್ನು ತೆಗೆದು ಅವಳು ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಎಳೆದು ಹಿಡಿದು, ಒದರಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸಿ, ಮತ್ತೆ ಹಿಂದೆ ಸರಿದೆವು. ಒಂದು ಮಾತು ಬೇಕಾಗಲಿಲ್ಲ. ಹೀಗೆ ಹನ್ನೆರಡು ಬಟ್ಟೆ ಮುಗಿಸಿದೆವು. ಲಾಡ್ಜು ಮುಚ್ಚಿದ ಮೇಲೆ ನಾನು ಯಾರೊಂದಿಗೂ ಬಟ್ಟೆ ಮಡಚಿರಲಿಲ್ಲ.

ಇವರು ಸಮುದ್ರ ನೋಡಿ ವಾಪಸಾಗುವ ಹೊತ್ತಿಗೆ ಬೀದಿಯಲ್ಲಿ ಸಂಗೀತ ಕೇಳಿಸಿತು. ಯಡ್ತರೆಯಲ್ಲಾದರೆ ಮೀನಿನ ಸ್ಕೂಟರು ಪೋಂ ಪೋಂ ಎಂದು ಬರುತ್ತದೆ, ಹಿಂದೆಯೇ ಬೆಕ್ಕುಗಳ ಮೆರವಣಿಗೆ. ಇಲ್ಲಿ ಒಂದು ರಿಕ್ಷಾ ಹಾಡು ಹಾಕಿಕೊಂಡು ಬಂದು ನಿಂತಿತು. ಹಿಂದಿನ ಗಾಜಿನ ಪೆಟ್ಟಿಗೆಯ ತುಂಬ ಬಿಸಿ ಬ್ರೆಡ್ಡು, ಬನ್ನು. ಹೆಂಗಸರು ತಟ್ಟೆ ಹಿಡಿದು ಓಡಿ ಬಂದರು. ಮೀನು ಹಿಡಿಯುವ ಊರಿನಲ್ಲಿ ಮನೆ ಬಾಗಿಲಿಗೆ ಬ್ರೆಡ್ಡು ಬರುವುದು ನೋಡಿ ಇವರಿಗೆ ಭಾರೀ ಆಶ್ಚರ್ಯ. "ಇವ್ರ್ ಮೀನ್ ತಕಂಬುಕೆ ಎಲ್ಲಿಗ್ ಹೋತ್ರಂಬ್ರ್?" ಎಂದು ಹುಡುಕುತ್ತಾ ಕಡಲ ಬದಿಗೆ ಹೊರಟರು, ನಾನೂ ಜೊತೆಗೆ ಹೋದೆ.

ಅಲ್ಲಿ ತೆಂಗಿನ ನಾರಿನ ಚಾಪೆಗಳ ಮೇಲೆ ಕಣ್ಣು ಹಾಯುವಷ್ಟು ದೂರ ಮೀನು ಒಣಗುತ್ತಿತ್ತು. ದಡದಲ್ಲಿ ಒಬ್ಬ ಮುದುಕ ದೋಣಿಯ ಇಂಜಿನ್ ಹಗ್ಗ ಎಳೆದು ಎಳೆದು ಸುಸ್ತಾಗಿ ನಿಂತಿದ್ದ. ಇವರ ಕೈ ಜೇಬಿಗೆ ಹೋಯಿತು, ಬರಿಗೈಯಲ್ಲಿ ಹೊರಗೆ ಬಂತು. ಅಂಗಡಿಯಿಂದ ಅಭ್ಯಾಸಬಲದಿಂದ ಜೇಬಿನಲ್ಲೇ ತಂದಿದ್ದ ಸ್ಪಾನರ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೋಗಿತ್ತು. ಅದರ ದುಃಖ ಇನ್ನೂ ಆರಿರಲಿಲ್ಲ. ಮುದುಕನ ಸ್ಪಾನರನ್ನೇ ತೆಗೆದುಕೊಂಡು ಕುಳಿತರು. ಇವರು ಕುಂದಾಪ್ರ ಕನ್ನಡ, ಅವನು ಸಿಂಹಳ. ಇಂಜಿನ್ ಕೆಮ್ಮಿದಾಗ ಇಬ್ಬರೂ ಒಟ್ಟಿಗೇ ತಲೆ ಅಲ್ಲಾಡಿಸುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಅದು ಶುರುವಾಯಿತು. ಹೊಸ ಅಂಗಿಯ ತುಂಬ ಗ್ರೀಸು. ಮುದುಕ ಸಂತೋಷದಿಂದ ಒಂದು ದೊಡ್ಡ ಪೊಟ್ಟಣ ಒಣಮೀನು ಕಟ್ಟಿಕೊಟ್ಟ.

ಒಣಮೀನು ತಂದವರಿಗೆ ಕೋಣೆ ಕೊಡದೆ ಕಳಿಸಿದವಳು ನಾನು. ದೇವಸ್ಥಾನದ ಊರು, ಕೊಡುವಂತಿರಲಿಲ್ಲ. ಈಗ ಅದನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬ್ಯಾಗಿನ ಅಡಿಗೆ ಹಾಕಿ, ಮೇಲೆ ಸೀರೆ ಮುಚ್ಚಿ, ಕಳ್ಳಿಯ ಹಾಗೆ ಕುಸುಮಾಳ ಮುಂದೆ ನಡೆದುಹೋದೆ.

ಇನ್ನೊಂದು ಸಣ್ಣ ಸಂಗತಿ ಹೇಳಬೇಕು, ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ಕೋಣೆಯ ಬೀಗದ ಕೈಗೆ ತೆಂಗಿನಕಾಯಿಯ ಗೆರಟೆಯ ಚೂರೊಂದನ್ನು ಕಟ್ಟಿದ್ದರು. ಇವರ ಕೈಯಿಂದ ಅದು ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಅಂಟು ಹಾಕಿ ಕೊಡುತ್ತೇನೆಂದು ಇವರು ಗೆರಟೆಯನ್ನು ಕೌಂಟರಿನಲ್ಲಿ ಇಟ್ಟರು. ಬರಿ ಬೀಗದ ಕೈ ಕಳೆದುಹೋದೀತು ಎಂದು ನಾನು ಅದಕ್ಕೆ ನನ್ನ ಪರ್ಸಿನ ಕೆಂಪು ದಾರ ಕಟ್ಟಿದೆ. ಕೊಲ್ಲೂರಿನ ಬೀಗದ ಕೈಗೆ ಕಟ್ಟಿದ್ದೂ ಅದೇ ಉಂಡೆಯ ದಾರ.

ಕ್ಯಾಂಡಿ: ಬಸ್ಸಿನಲ್ಲಿ ಹೋದ ಬೀಗದ ಕೈ

ಕ್ಯಾಂಡಿ ಬೆಟ್ಟಗಳ ನಡುವಿನ ಊರು. ಅಲ್ಲಿನ ಲಾಡ್ಜಿನ ಕೌಂಟರಿನ ಮುಂದೆ ಪಾಸ್‌ಪೋರ್ಟಿಗಾಗಿ ಪರ್ಸಿಗೆ ಕೈ ಹಾಕಿದಾಗ ಬೆರಳಿಗೆ ಎರಡು ಬೀಗದ ಕೈ ಸಿಕ್ಕಿದವು. ಒಂದು ನನ್ನದು. ಇನ್ನೊಂದು ಕುಸುಮಾಳ ಕೋಣೆಯದ್ದು.

ಬೀಗದ ಕೈ ಹೊತ್ತುಕೊಂಡು ಹೋದ ಯಾತ್ರಿಕರಿಗೆ ನಾನು ಫೋನಿನಲ್ಲಿ ಹೇಳದ ಮಾತಿಲ್ಲ. ಕಲಿತವರು ನೀವು, ನಿಮ್ಮ ಮನೆಯ ಬೀಗದ ಕೈ ಯಾರಾದರೂ ಹೀಗೆ ಒಯ್ದರೆ ಬಿಡುತ್ತೀರಾ ಎಂದೆಲ್ಲ. ಆ ಪಾಪವೆಲ್ಲ ಒಂದೇ ಸಲ ತಲೆ ಮೇಲೆ ಬಂತು.

"ಅವ್ಳ್ ಹತ್ರ ಇನ್ನೊಂದ್ ಇರತ್, ಬಿಡ್. ಕೊರಿಯರ್ ಮಾಡುವ," ಎಂದರು ಇವರು.

ನಾನು ಒಪ್ಪಲಿಲ್ಲ. ಕೊಲ್ಲೂರಿನಲ್ಲಿ ಇದಕ್ಕೊಂದು ಕ್ರಮ ಇತ್ತು. ಬೀಗದ ಕೈ ಹೊತ್ತುಕೊಂಡು ಹೋದವರು ಕುಂದಾಪುರದಲ್ಲಿ ಇಳಿಯುತ್ತಲೇ ಕೊಲ್ಲೂರಿಗೆ ಹೊರಟ ಬಸ್ಸಿನ ಕಂಡಕ್ಟರನ ಕೈಗೆ ಅದನ್ನು ಕೊಡುವುದು, ಅವನು ತಂದು ನಮ್ಮ ಬಾಗಿಲಲ್ಲಿ ಬಸ್ಸು ನಿಧಾನ ಮಾಡಿ ಎಸೆಯುವುದು. ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ ಬಂದ ಬೀಗದ ಕೈಗಳೂ ಇವೆ. ಇಪ್ಪತ್ತಮೂರು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಬಸ್ಸು ಇರುವ ಊರಿನಲ್ಲಿ ಕೊರಿಯರ್ ಯಾಕೆ ಎಂಬುದು ನನ್ನ ವಾದ.

ಮರುದಿನ ಬೆಳಗ್ಗೆ ಬಸ್ಸು ನಿಲ್ದಾಣಕ್ಕೆ ಹೋದೆವು. ಗದ್ದಲ, ಹಾರ್ನು, ಊರಿನ ಹೆಸರು ಕೂಗುವವರು, ಎಲ್ಲ ನಮ್ಮ ಹಾಗೆಯೇ. ನೆಗೊಂಬೊ ಬಸ್ಸಿನ ಕಂಡಕ್ಟರನಿಗೆ ಲಕೋಟೆ ಕೊಟ್ಟೆ. ಮೇಲೆ ಕುಸುಮಾಳ ಹೆಸರು, ಫೋನ್ ನಂಬರು ಬರೆದಿದ್ದೆ. ಅವನು ಬೆರಳಿನಿಂದ ಲಕೋಟೆ ಅಮುಕಿ ನೋಡಿ, ಬೀಗದ ಕೈ ಎಂದು ತಿಳಿದು ನಕ್ಕ. ಡ್ರೈವರನ ತಲೆಯ ಮೇಲಿದ್ದ ಸಣ್ಣ ಬುದ್ಧನ ಪಟದ ಹಿಂದೆ ಅದನ್ನು ಸಿಕ್ಕಿಸಿದ. ನಾನು ಕೊಡಲು ಹೋದ ದುಡ್ಡನ್ನು ಮುಟ್ಟಲೇ ಇಲ್ಲ. ಬೆಳಗಿನ ಟ್ರಿಪ್ಪಿನ ಗಡಿಬಿಡಿಯಲ್ಲಿ, ಭಾಷೆ ಬಾರದ ಒಬ್ಬ ಹೆಂಗಸಿನ ಕೆಲಸವನ್ನು ಅವನು ಯಾಕೆ ಮಾಡಬೇಕಿತ್ತು? ಮಾಡಿದ. ಬಸ್ಸು ತಿರುವು ದಾಟುವವರೆಗೂ ನಾನು ಕೈಮುಗಿದುಕೊಂಡೇ ನಿಂತಿದ್ದೆ.

ಮನಸ್ಸು ಹಗುರಾಗಿ, ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದಂತ ದೇವಾಲಯಕ್ಕೆ ಹೋದೆವು. ಬಿಳಿ ಬಟ್ಟೆ ಉಟ್ಟ ಜನ ನೈದಿಲೆ ಹೂಗಳನ್ನು ಅಂಗೈಯಲ್ಲಿ ಮಗುವಿನ ಹಾಗೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಯಾರೂ ನೂಕಲಿಲ್ಲ. ನಮ್ಮಲ್ಲಿ ನವರಾತ್ರಿಯ ಸಾಲನ್ನು ನೆನೆದು ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಚಪ್ಪಲಿ ಇಡುವ ಕಡೆ ಟೋಕನ್ ಕೊಡುವ ಹುಡುಗಿಯ ಕೆಲಸವನ್ನು ಹತ್ತು ನಿಮಿಷ ನಿಂತು ನೋಡಿದೆ. ಚುರುಕಾದ ಹುಡುಗಿ. ನನ್ನ ಲಾಡ್ಜಿಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಕ್ಯಾಂಡಿ, ಮಧ್ಯಾಹ್ನ: ಚಾ ಅಂಗಡಿ

ಮೂರು ಗಂಟೆಗೆ ಒಂದು ಚಾ ಅಂಗಡಿಯಲ್ಲಿ ಕುಳಿತೆವು. ಎರಡು ಚಾ ಎಂದೆವು. ಮಾಣಿ ಕೇಳದೆಯೇ ಒಂದು ದೊಡ್ಡ ತಟ್ಟೆ ತಂದಿಟ್ಟ. ಅದರ ತುಂಬ ಬನ್ನು, ರೋಲು, ವಡೆ, ಮೂರು ಮೂಲೆಯ ಪರೋಟ, ಒಟ್ಟು ಹತ್ತು ಹನ್ನೆರಡು. ಇವರು ನನ್ನ ಮುಖ ನೋಡಿದರು. ಊಟದ ಮನೆಯಲ್ಲಿ ಬಡಿಸಿದ್ದನ್ನು ಬಿಡುವ ಜಾಯಮಾನ ಇವರದ್ದಲ್ಲ. ತಂದಿಟ್ಟ ಮೇಲೆ ಮುಗಿಸದೆ ಎದ್ದರೆ ಅವನಿಗೆ ಬೇಸರವಾದೀತು ಎಂದು ಒಂದು ಕಡೆಯಿಂದ ಶುರು ಮಾಡಿದರು.

ಆರನೆಯದಕ್ಕೆ ಕೈ ಹಾಕಿದಾಗ ನನಗೆ ಫೋನು ಬಂತು. ಕುಸುಮಾ. ಲಕೋಟೆ ಸರಿಯಾಗಿ ತಲುಪಿತು, ಕಂಡಕ್ಟರ್ ಕೈಗೇ ಕೊಟ್ಟ, ಆದರೆ ಅಕ್ಕ, ಇದು ನನ್ನ ಬೀಗಕ್ಕೆ ಆಗುತ್ತಿಲ್ಲ, ಇದು ಯಾವ ಮನೆಯದ್ದು ಎಂದು ಕೇಳಿದಳು.

ಪರ್ಸಿನ ಒಳಜೇಬಿಗೆ ಕೈ ಹಾಕಿದೆ. ಕೆಂಪು ದಾರದ ಬೀಗದ ಕೈ ಅಲ್ಲಿತ್ತು. ತೆಗೆದು ನೋಡಿದೆ, ಕುಸುಮಾಳದ್ದು. ನೆಗೊಂಬೊಕ್ಕೆ ಹೋದದ್ದು ಕೊಲ್ಲೂರಿನದ್ದು.

"ಎಂತ ಆಯ್ತ್?"

"ಬೇರೆ ಕೀ ಹೋಯ್ತ್."

"ಯಾವ್ದ್?"

ಕೌಂಟರಿನಲ್ಲಿ ಕುಳಿತವಳಿಗೆ ಸುಳ್ಳು ಹೇಳುವವರ ಗುರುತು ಗೊತ್ತಿರುತ್ತದೆ. ಮುಖ ನೋಡದೆ ಬ್ಯಾಗು ನೋಡುತ್ತಾರೆ. ನಾನೂ ಆಗ ಬ್ಯಾಗನ್ನೇ ನೋಡುತ್ತಿದ್ದೆ. ಲಾಡ್ಜಿನ ಹಳೆಯದ್ದು ಎಂದುಬಿಟ್ಟರೆ ಮುಗಿಯಿತು, ಅವರು ಇನ್ನೊಂದು ಮಾತು ಕೇಳುವವರಲ್ಲ. ಆದರೆ ನನ್ನೆದುರಿಗೆ ಇದ್ದ ಮನುಷ್ಯ, ಪರದೇಶದ ಮಾಣಿಗೆ ಬೇಸರವಾಗಬಾರದು ಎಂದು ಹೊಟ್ಟೆ ಬಿರಿಯುವಂತೆ ತಿನ್ನುತ್ತಿದ್ದವರು. ಅವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಕೊಲ್ಲೂರಿನ್ ಕೋಣಿದ್," ಅಂದೆ. "ನಾನ್ ಅದನ್ ಬಿಡ್ಲಿಲ್ಲ. ಮದಿ ಆದ್ ಮೇಲೂ ಇಟ್ಕಂಡಿದೆ."

ಅವರು ಕೈಯಲ್ಲಿದ್ದದ್ದನ್ನು ತಿಂದು ಮುಗಿಸಿದರು. ನೀರು ಕುಡಿದರು.

"ಗೊತ್ತಿತ್ತ್," ಎಂದರು.

"ಹ್ಯಾಂಗೆ?"

"ಆಸಾಡಿ ಮಳಿಯಗೆ ಪದ್ದಕ್ಕ ಫೋನ್ ಮಾಡಿದ್ರ್. ನಿನ್ ಫೋನ್ ತಾಗ್ಲಿಲ್ಲ ಅಂಬ್ರ್. ಕೋಣಿ ಹಂಚಿನ್ ಮಾಡ್ ಸೋರತ್, ಸಾಮಾನ್ ಎಲ್ಲ ಚಂಡಿ ಆತ್ತ್ ಅಂದ್ರ್. ನಾನ್ ಹೋಯಿ ಮೂರ್ ಹಂಚ್ ಬದ್ಲ್ಸಿ ಬಂದೆ."

ಆಷಾಢದ ಆ ದಿನ ನನಗೆ ನೆನಪಾಯಿತು. ಅಂಗಡಿಯಲ್ಲಿ ಇಪ್ಪತ್ತೆರಡು ಇಂಜಿನ್‌ಗಳು ಕಾಯುತ್ತಿದ್ದವು. ಮೀನುಗಾರರು ಬೈಯುತ್ತಿದ್ದರು. ಇವರು ಹೆಮ್ಮಾಡಿಯಲ್ಲಿ ಒಂದು ಇಂಜಿನ್ ನೋಡಿ ಬರುತ್ತೇನೆ ಎಂದು ಹೋದವರು ಸಂಜೆ ತೊಯ್ದು ತೊಪ್ಪೆಯಾಗಿ ಬಂದಿದ್ದರು. ಈ ಸಮಯದಲ್ಲಿ ಅಂಗಡಿ ಬಿಟ್ಟು ತಿರುಗುತ್ತೀರಲ್ಲ ಎಂದು ನಾನು ಚೆನ್ನಾಗಿಯೇ ಹೇಳಿದ್ದೆ. ಸುಳ್ಳಿನ ಗುರುತು ಬಲ್ಲವಳು ಎಂದು ಈಗಷ್ಟೇ ಜಂಬ ಕೊಚ್ಚಿದೆನಲ್ಲ, ಆ ಒಂದು ಸುಳ್ಳು ನನಗೆ ಗೊತ್ತಾಗಿರಲಿಲ್ಲ.

"ನಂಗೆ ಹೇಳ್ಲಿಲ್ಲ ಎಂತಕೆ?"

"ನೀನೂ ಹೇಳ್ಲಿಲ್ಲಲೆ. ಹೇಳ್ದೆ ಇಪ್ಪುಕೆ ಎಂತಾರೂ ಕಾರಣ ಇರತ್. ಬೇಕ್ ಅಂದ್ಹೇಳಿಯೇ ಇಟ್ಕಂಡದ್ ಅಲ್ದಾ?" ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ಬೇಕಾದ್ ಕೋಣಿ ಸೋರುಕಾಗ. ಇನ್ನೂ ಬೇಕಾರೆ ಇರ್ಲಿ. ಆ ಕೀ ತರ್ಸುವ."

ನಾನು ಅಲ್ಲೇ ಅತ್ತುಬಿಟ್ಟೆ. ಅಷ್ಟರಲ್ಲಿ ಮಾಣಿ ಬಂದು ಬರಿದಾಗುತ್ತಿದ್ದ ತಟ್ಟೆ ನೋಡಿ, ಅಳುವ ನನ್ನನ್ನೂ ನೋಡಿ ಗಾಬರಿಯಾದ. ಆಮೇಲೆ ಕೈಸನ್ನೆಯಲ್ಲಿ ವಿವರಿಸಿದ. ತಟ್ಟೆ ಇಡುವುದು ಅಲ್ಲಿನ ಪದ್ಧತಿ. ಬೇಕಾದದ್ದನ್ನು ತಿನ್ನುವುದು, ಉಳಿದದ್ದನ್ನು ಅವರೇ ಒಯ್ಯುತ್ತಾರೆ, ತಿಂದಷ್ಟಕ್ಕೆ ಮಾತ್ರ ಲೆಕ್ಕ. ಇವರು ಕೈಯಲ್ಲಿದ್ದ ಏಳನೆಯ ಬನ್ನನ್ನು ಮೆಲ್ಲಗೆ ತಟ್ಟೆಗೆ ಹಾಕಲು ನೋಡಿದರು. ಅದನ್ನು ಆಗಲೇ ಕಚ್ಚಿಯಾಗಿತ್ತು.

ರೈಲಿನಲ್ಲಿ

ಮರುದಿನ ಬೆಳಗ್ಗೆ ಮತ್ತೆ ಅದೇ ಕಂಡಕ್ಟರ್. ಈ ಸಲ ಬೀಗದ ಕೈಯನ್ನು ಇವರು ಎರಡು ಬಾರಿ ನೋಡಿ ಲಕೋಟೆಗೆ ಹಾಕಿದರು. ಅವನು ಮತ್ತೆ ನಕ್ಕು ಬುದ್ಧನ ಹಿಂದೆಯೇ ಸಿಕ್ಕಿಸಿದ. ಕುಸುಮಾ ಫೋನಿನಲ್ಲಿ, ನಿನ್ನದನ್ನು ಯಾವ ಬಸ್ಸಿನಲ್ಲಿ ಕಳಿಸಲಿ ಎಂದು ಕೇಳಿದಳು. ಬೇಡ, ನಿನ್ನಲ್ಲೇ ಇರಲಿ ಎಂದೆ.

ಚಹಾ ತೋಟಗಳ ನಡುವೆ ರೈಲು ಏರುತ್ತಿತ್ತು. ಇವರು ಬಾಗಿಲಲ್ಲಿ ನಿಂತು ಇಂಜಿನ್ನಿನ ಸದ್ದು ಕೇಳುತ್ತಿದ್ದರು. ಬ್ಯಾಗಿನಿಂದ ಒಣಮೀನಿನ ವಾಸನೆ ಎದ್ದು, ಎದುರಿನ ಸೀಟಿನ ಬಿಳಿಯ ದಂಪತಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಪಕ್ಕದ ಸಿಂಹಳದ ಅಜ್ಜಿ ಮಾತ್ರ ಮೂಗರಳಿಸಿ, ಒಳ್ಳೆಯ ಮೀನು ಎನ್ನುವ ಹಾಗೆ ನನ್ನ ಕಡೆ ತಲೆ ಆಡಿಸಿದಳು. ಕೂತಲ್ಲೇ ನನಗೆ ಆ ವರ್ಷದಲ್ಲಿ ಕಂಡ ಮುಖಗಳೆಲ್ಲ ನೆನಪಿಗೆ ಬಂದವು. ಕಣ್ಣು ತುಂಬಿಕೊಂಡ ಯಜಮಾನರು, ನನ್ನ ಬಿಲ್ಲೆಗಳನ್ನು ನಕ್ಕು ಒಪ್ಪಿಕೊಂಡ ಮೀನುಗಾರರು, ನನ್ನ ಗುಟ್ಟನ್ನು ಕಾಯಲೂ ಬಾರದ, ಒಡೆಯಲೂ ಮನಸ್ಸಿಲ್ಲದ ಪದ್ದಕ್ಕ, ಕುಸುಮಾ, ಹೆಸರೂ ಗೊತ್ತಿಲ್ಲದ ಆ ಕಂಡಕ್ಟರ್. ನಾನು ಒಬ್ಬಳೇ ಎಲ್ಲ ನಿಭಾಯಿಸಿದೆ ಎಂದುಕೊಂಡಿದ್ದ ವರ್ಷ ಅದು. ಎಷ್ಟು ಜನ ಕೈ ಜೋಡಿಸಿದ್ದರು ಎಂದು ಎಣಿಸಿಯೂ ಇರಲಿಲ್ಲ. ಋಣ ಎನ್ನುವ ಮಾತನ್ನು ನಾವು ಸುಮ್ಮನೆ ಬಳಸುತ್ತೇವೆ. ಅವತ್ತು ಅದು ನಿಜವಾಗಿ ಎದೆಗೆ ತಾಗಿತು.

ಸಂಜೆ ಕುಸುಮಾ ಒಂದು ಫೋಟೋ ಕಳಿಸಿದಳು. ಅವಳ ಕೌಂಟರಿನ ಹಿಂದಿನ ಹಲಗೆ. ಆರು ಮೊಳೆಗಳ ಪಕ್ಕ ಹೊಸದಾಗಿ ಏಳನೆಯದು ಹೊಡೆದಿದ್ದಳು. ಅದರಲ್ಲಿ ಕೆಂಪು ದಾರದ ನನ್ನ ಬೀಗದ ಕೈ. ಕೆಳಗೆ, ಇವರು ಅಂಟು ಹಾಕಿ ಕೊಡುತ್ತೇನೆಂದು ಮರೆತುಬಂದಿದ್ದ ಗೆರಟೆ, ಅವಳೇ ಅಂಟಿಸಿದ್ದು.

ಕೊಲ್ಲೂರು, ಮತ್ತೊಮ್ಮೆ

ಊರಿಗೆ ಬಂದ ಮೂರನೇ ದಿನ ಬೈಂದೂರಿನಿಂದ ಕೊಲ್ಲೂರಿಗೆ ಹೋದೆವು. ಪದ್ದಕ್ಕ ಅಂಗಳದಲ್ಲಿ ಸೇವಂತಿಗೆ ಕಟ್ಟುತ್ತಾ ಕುಳಿತಿದ್ದರು. ಕೋಣೆ ಬಿಡುತ್ತೇನೆ ಎಂದೆ.

"ಬಿಡ್, ಒಳ್ಳೇದ್. ಕೀ ಕೊಡ್ ಕಾಂಬ," ಎಂದರು.

"ಕೀ ಲಂಕೆಯಗೆ ಇತ್ತ್, ಪದ್ದಕ್ಕ."

ಪದ್ದಕ್ಕ ದಾರವನ್ನು ಹಲ್ಲಿನಿಂದ ಕಡಿದು ನನ್ನನ್ನೇ ನೋಡಿದರು. "ಲಂಕೆಯಗಾ? ಹಂಗಾರೆ ಈಗ ಹನುಮಂತನ್ ಕಳ್ಸುದಾ ಹೆಣೆ?"

ಬೀಗ ಒಡೆಯಲು ಪದ್ದಕ್ಕ ಒಳಗಿನಿಂದ ಸುತ್ತಿಗೆ ತಂದರು. ಇವರು ಬೇಡ ಎಂದು ಕೈ ತೋರಿಸಿ, ಜೇಬಿನಿಂದ ಒಂದು ತುಂಡು ತಂತಿ ತೆಗೆದು, ತುದಿ ಬಗ್ಗಿಸಿ, ಬೀಗದ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಕಿವಿ ಹತ್ತಿರ ಇಟ್ಟು ಎರಡು ಸಲ ತಿರುವಿದರು. ಬೀಗ ಕಟಕ್ಕೆಂದು ಬಾಯಿ ಬಿಟ್ಟಿತು. ಪದ್ದಕ್ಕನ ಕೈಯಲ್ಲಿ ಸುತ್ತಿಗೆ ಹಾಗೆಯೇ ಉಳಿಯಿತು.

"ಹ್ವಾಯ್, ಇಷ್ಟ್ ಸುಲಭ ಇತ್ತಾ ಇದ್?" ಎಂದು ಕೇಳಿದೆ.

"ಹಳೀ ಬೀಗ ಅಲ್ದಾ. ಎರಡ್ ನಿಮಿಷದ್ ಕೆಲ್ಸ."

"ಹಂಗಾರೆ ಆಸಾಡಿಯಗೆ ಆ ಮಳಿಯಗೆ ಹಂಚಿನ್ ಮಾಡ್ ಹತ್ತದ್ ಎಂತಕೆ? ಬೀಗ ತೆಗ್ದ್ ಒಳ್ಗ್ ಹೋಯಿ, ಸಾಮಾನ್ ಬದಿಗ್ ಸರ್ಸಿ, ಅಡೀಗ್ ಒಂದ್ ಪಾತ್ರೆ ಇಟ್ಟಿದ್ರೆ ಆತಿತ್ತಲೆ."

ಅವರು ತಂತಿಯನ್ನು ನೇರ ಮಾಡಿ ಜೇಬಿಗೆ ಹಾಕಿಕೊಂಡರು.

"ಕೀ ನಿನ್ ಹತ್ರ ಇತ್ತಲೆ," ಎಂದರು.

ಅಷ್ಟು ಹೇಳಿ ಹೊರಗೇ ನಿಂತರು. ನಾನು ಮೊದಲು ಒಳಗೆ ಹೋಗಲಿ ಎಂದು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಒಳಗೆ ಹೋದೆ. ನೆಲ ಒಣಗಿತ್ತು. ಟ್ರಂಕು, ಸೀಮೆಎಣ್ಣೆ ಸ್ಟವ್, ಮಡಚಿಟ್ಟ ಹಾಸಿಗೆ, ಬಿಟ್ಟುಹೋದ ಹಾಗೆಯೇ ಇದ್ದವು. ತಲೆ ಎತ್ತಿ ನೋಡಿದೆ. ಹೊಗೆ ಹಿಡಿದ ಹಳೆಯ ಹಂಚುಗಳ ನಡುವೆ ಮೂರು ಹೊಸ ಹಂಚುಗಳು ಕೆಂಪಗೆ ಕಾಣುತ್ತಿದ್ದವು.

"ಬನ್ನಿ," ಎಂದು ಕರೆದೆ. ಆಗ ಒಳಗೆ ಬಂದರು. ಅವರು ಟ್ರಂಕು ಎತ್ತಿಕೊಂಡರು, ನಾನು ಸ್ಟವ್ ಮತ್ತು ಹಾಸಿಗೆ ಹಿಡಿದುಕೊಂಡೆ. ಬಾಗಿಲನ್ನು ತೆರೆದೇ ಬಿಟ್ಟು ಬಸ್ಸಿಗೆ ನಡೆದೆವು.